ಮೂವರು ವಜೀರರಿದ್ದೂ ಡ್ರಾ

ಆಳಂದದಲ್ಲಿ ತಾಲೂಕು ಮಟ್ಟದ ಚೆಸ್ ಪಂದ್ಯಾವಳಿ ಎಂದು ಕೇಳಿದಾಗಲೇ ಅದರ ಫಲಿತಾಂಶ ನನಗೆ ಗೊತ್ತಾಗಿತ್ತು. ನಾನು ಹೈಸ್ಕೂಲಿನ ಗಣಿತದ ಮಾಸ್ತರ. ಗಣಿತ ಬಂದವನಿಗೆ ಚೆಸ್ ಯಾವ ಲೆಕ್ಕ! ಮೊಬೈಲ್ ನೋಡಿ, 'ಇಟಾಲಿಯನ್' ಎಂಬ ಆರಂಭದ ಹತ್ತು ನಡೆಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡಿದೆ.

"ಎದುರಿನಾವ ಬ್ಯಾರೆ ಆಡಿದ್ರ?" ಎಂದಳು ಹೆಂಡತಿ ಶರಣಮ್ಮ.

"ಹಂಗ ಆಡಾಕ ಬರಂಗಿಲ್ಲಬೇ, ಶಾಸ್ತ್ರ ಅದ!"

ಹೇಗೋ ಕೊನೆಯ ಸುತ್ತಿಗೆ ಬಂದೆ. ಗೆದ್ದರೆ ಕಲಬುರಗಿಯ ಜಿಲ್ಲಾ ಪಂದ್ಯ. ಎದುರಿಗೆ ಕುಳಿತವರು ನರೋಣಾದ ದರ್ಜಿ ಖಾಜಾಸಾಬ್. ಪಾಪ, ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದರು. ನಾನು ಶಾಸ್ತ್ರೋಕ್ತವಾಗಿ ರಾಜನ ಮುಂದಿನ ಪ್ಯಾದೆಯನ್ನು ನಡೆಸಿದೆ. ಅವರು ತೀರ ಅಂಚಿನ ಪ್ಯಾದೆಯನ್ನು ಒಂದು ಮನೆ ಸರಿಸಿದರು.

"ಇದು ಪಾಠದಾಗ ಇಲ್ರಿ!" ಎಂದುಬಿಟ್ಟೆ.

"ನಾ ಪಾಠ ಓದಿಲ್ರಿ ಸರ್," ಎಂದರು ನಮ್ರವಾಗಿ.

ಆದರೂ ಬಾಯಿಪಾಠದ ಹತ್ತೂ ನಡೆಗಳನ್ನು ಬಿಡದೆ ಆಡಿ ಮುಗಿಸಿದೆ. ಅಷ್ಟರಲ್ಲಿ ನನ್ನ ಒಂದು ಕುದುರೆ, ಒಂದು ಆನೆ ತೀರಿಕೊಂಡಿದ್ದವು. ಆಮೇಲೆ ಖಾಜಾಸಾಬ್ ನನ್ನ ಒಂಟೆಯನ್ನು ಪ್ಯಾದೆ ಎಂದು ತಿಳಿದು, ಅದರ ಬಾಯಿಗೇ ಹಲಗೆಯ ಅತಿ ಬಲಶಾಲಿ ಕಾಯಿಯಾದ ತಮ್ಮ ವಜೀರನನ್ನು ತಂದಿಟ್ಟರು. ಹೊಡೆದೆ. ಇದನ್ನು ನಾನು ನನ್ನ ಪ್ರತಿಭೆ ಎಂದುಕೊಂಡೆ! ಮುಂದೆ ಅವರ ಕಾಯಿಗಳು ಒಂದೊಂದಾಗಿ ಹೋಗಿ ರಾಜ ಒಬ್ಬನೇ ಉಳಿದ.

ಖಾಜಾಸಾಬ್ ಎದ್ದು ಕೈ ಚಾಚಿದರು. "ನಾ ಸೋತೆ ಸರ್. ಬಸ್ಸಿಗಿ ಹೊತ್ತಾತು, ಕೈ ಕೊಡ್ರಿ."

ಕೊಡಬೇಕಿತ್ತು. ಆದರೆ ಸುತ್ತ ಹತ್ತು ಜನ ನಿಂತು ನೋಡುತ್ತಿದ್ದರು!

"ಕೂಡ್ರಿ ಸಾಬ್ರ. ಆಟ ಅಂದಮ್ಯಾಲ ಪೂರಾ ಆಡಬೇಕು!"

ಕುಳಿತರು. ಒಬ್ಬ ವಜೀರನಿಂದಲೇ ಮುಗಿಯುವ ಆಟ. ನಾನು ಪ್ಯಾದೆಗಳನ್ನು ಕೊನೆಯ ಮನೆಗೆ ಮುಟ್ಟಿಸಿ, ಪಕ್ಕದ ಮೇಜಿನಿಂದ ಕಾಯಿ ಕೇಳಿ ತಂದು, ಮೂವರು ವಜೀರರನ್ನು ಮಾಡಿಕೊಂಡೆ. ರಾಜನನ್ನು ಮೂಲೆಗೆ ಒತ್ತಿ, ಮೂರನೆಯ ವಜೀರನನ್ನು ಠಪ್ಪೆಂದು ಇಟ್ಟೆ.

"ಮಾತ್!"

ಖಾಜಾಸಾಬ್ ಹಲಗೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. "ಸರ್, ಶಹ ಎಲ್ಲದ?"

ನಾನೂ ಬಗ್ಗಿದೆ. ರಾಜನ ಮೇಲೆ ನನ್ನ ಯಾವ ಕಾಯಿಯ ದಾಳಿಯೂ ಇರಲಿಲ್ಲ!

ಪಂದ್ಯದ ತೀರ್ಪುಗಾರ್ತಿ ಬಂದು ನೋಡಿದರು. "ರಾಜಗ ಶಹ ಇಲ್ಲ, ಹೆಜ್ಜಿ ಇಡಾಕ ಜಾಗಾನೂ ಇಲ್ಲ. ಆಟ ಡ್ರಾ ರೀ."

"ಕೂಡ್ರಿಸಿದ್ದು ಚಲೋ ಆತ್ರಿ ಸರ್!" ಎಂದು ಖಾಜಾಸಾಬ್ ಎರಡೂ ಕೈಗಳಿಂದ ನನ್ನ ಕೈ ಕುಲುಕಿದರು. ಡ್ರಾ ಆದರೆ ಇಬ್ಬರಿಗೂ ಅರ್ಧ ಅಂಕ; ಮೊದಲೇ ನನಗಿಂತ ಅರ್ಧ ಅಂಕ ಮುಂದಿದ್ದ ಅವರೇ ಕಲಬುರಗಿಗೆ ಆಯ್ಕೆಯಾದರು!

ಮನೆಗೆ ಬಂದೆ.

"ಗೆದ್ದ್ರೋ, ಸೋತ್ರೋ?" ಎಂದಳು ಶರಣಮ್ಮ.

"ಎರಡೂ ಇಲ್ಲ."

"ಏನೂ ಆಗಲಾರ್ದಂಗ ಮಾಡಾಕ ಮೂರು ತಾಸು ಬೇಕಾತೇನ್ರಿ?"

"ಎರಡೂವರಿ," ಎಂದು ತಿದ್ದಿದೆ. ಆ ದಿನ ನಾನು ಸರಿಯಾಗಿ ಹೇಳಿದ್ದು ಅದೊಂದೇ.