ನನ್ನ ರಕ್ತದ ಅರ್ಥ ಅನಿಶ್ಚಿತವೆಂದ ಮಹನೀಯರಿಗೆ

ಮಾನ್ಯರೇ,

ವಂಶವಾಹಿ ಪರೀಕ್ಷೆಯ ಪ್ರಯೋಗಾಲಯಕ್ಕೆ ಮುಖ್ಯಸ್ಥರಾದ ತಮಗೂ, ಹಗಲಿರುಳು ಗುನುಗುವ ತಮ್ಮ ಯಂತ್ರಗಳಿಗೂ, ಫೋನಿನಲ್ಲಿ ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದು ದಣಿಯದೆ ನುಡಿಯುವ ಆ ಮಹಾತಾಯಿಗೂ ಅನಂತ ವಂದನೆಗಳು. ನಾನು ಹೆಂಗಸರ ತಲೆಗೂದಲು ಕತ್ತರಿಸಿ ಬದುಕುವವಳು. ತಮಗೆ ನಾನು ಒಂದು ಗಾಜಿನ ಕೊಳವೆಯಷ್ಟು ರಕ್ತವಾಗಿ ಮಾತ್ರ ಪರಿಚಯ. ಉಳಿದ ಭಾಗವನ್ನೂ ಪರಿಚಯಿಸಿಕೊಳ್ಳುವ ಧಾರ್ಷ್ಟ್ಯವನ್ನು ಮನ್ನಿಸಬೇಕು.

ಕುರ್ಚಿಯಲ್ಲಿ ಕೂತ ಗಿರಾಕಿಯ ನೆತ್ತಿಗೆ ಬಾಚಣಿಗೆ ಒಯ್ಯಲು ಎಡಗೈಯಿಂದ ಬಲಮೊಣಕೈಯನ್ನು ಎತ್ತಿ ಹಿಡಿಯಬೇಕಾಗಿ ಬಂದಾಗ ನಾನು ವೈದ್ಯರ ಬಳಿ ಹೋದೆ. ಮೊದಲಿನವರು ಇದು ಆಯಾಸ ಎಂದರು, ಅವರ ನಂತರದವರು ಮನಸ್ಸಿನದು ಎಂದರು, ಮತ್ತೊಬ್ಬರು ಸ್ನಾಯುಗಳ ಉರಿಯೂತವೆಂದು ಮಾತ್ರೆ ಬರೆದರು. ಮಾತ್ರೆಯಿಂದ ಮುಖ ಹುಣ್ಣಿಮೆಯ ಚಂದ್ರನಾಯಿತು, ಕೈ ಮಾತ್ರ ಎಲ್ಲಿತ್ತೋ ಅಲ್ಲೇ ಉಳಿಯಿತು. ಗಿರಾಕಿಗಳು “ಈಚೆಗೆ ಮೈ ತುಂಬ್ಕೊಂಡು ಚೆನ್ನಾಗಿದ್ದೀರಿ” ಎಂದು ಹರಸಿದರು. ಕೊನೆಗೆ ನರರೋಗ ತಜ್ಞೆಯೊಬ್ಬರು ನನ್ನನ್ನು ನೆಲದಲ್ಲಿ ಕೂರಿಸಿ ಏಳಲು ಹೇಳಿದರು. ತೊಡೆಗೆ ಕೈಯೂರಿ ನಾನು ನನ್ನ ಮೈಯನ್ನೇ ಏಣಿಯಂತೆ ಹತ್ತಿ ಎದ್ದದ್ದನ್ನು ನೋಡಿ, “ಇದು ಹುಟ್ಟಿನಿಂದ್ಲೇ ಬಂದಿರ್ಬಹುದು, ರಕ್ತ ಕಳಿಸೋಣ” ಎಂದರು.

ಹಾಗೆ ನಾನು ತಮ್ಮ ಸನ್ನಿಧಿ ಸೇರಿದೆ. ಕೆಟ್ಟರೆ ಸ್ನಾಯುಗಳು ಕ್ಷಯಿಸುವ ಒಂದು ಜೀನಿನಲ್ಲಿ ಎರಡು ಬದಲಾವಣೆಗಳಿವೆ, ಅವುಗಳಲ್ಲಿ ಒಂದು ಖಚಿತವಾಗಿ ದೋಷ, ಇನ್ನೊಂದರ ‘ಅರ್ಥ ಅನಿಶ್ಚಿತ’ ಎಂದು ತಾವು ಅಪ್ಪಣೆ ಕೊಡಿಸಿದಿರಿ. ಒಂದೇ ದೋಷವಿದ್ದರೆ ಈ ಕಾಯಿಲೆ ಬರುವುದಿಲ್ಲ, ಎರಡೂ ಬೇಕು ಎಂದು ತಜ್ಞೆ ಬಿಡಿಸಿ ಹೇಳಿದ ಮೇಲೆ, ಅಡ್ಡಗೋಡೆಯ ಮೇಲೆ ದೀಪವಿಡುವ ತಮ್ಮ ಕಲೆಗೆ ತಲೆದೂಗಿದೆ. ನಾನೂ ಗಿರಾಕಿಯ ಅರ್ಧ ತಲೆ ಕತ್ತರಿಸಿ, ಉಳಿದರ್ಧದ ಅರ್ಥ ಅನಿಶ್ಚಿತವೆಂದು ಕಳಿಸಬಹುದಾಗಿದ್ದರೆ ಎಷ್ಟು ಸುಖವಿತ್ತು! ಅನುಮಾನ ಬಗೆಹರಿಯಲು ತಂದೆತಾಯಿಯರ ರಕ್ತವೂ ಬೇಕೆಂದಿರಿ.

ತಮಗಿಂತ ಚುರುಕಾದ ಪ್ರಯೋಗಾಲಯವೊಂದು ನಮ್ಮ ಮನೆಯಲ್ಲೇ ಇದೆಯೆಂಬುದು ತಮಗೆ ತಿಳಿಯದು. ಅದು ನನ್ನ ಸೋದರತ್ತೆ, ಅಪ್ಪನ ಅಕ್ಕ. “ನಮ್ಮ ಕಡೆ ಎಲ್ರೂ ಗಟ್ಟಿಮುಟ್ಟು, ಇದು ಇವಳ ತಾಯಿ ತಂದಿದ್ದು” ಎಂದು ಅವರು ರಕ್ತ ನೋಡದೆಯೇ ತೀರ್ಪು ಕೊಟ್ಟು ಬಹುಕಾಲವಾಗಿದೆ. ಅಮ್ಮನ ತಮ್ಮ ಕಾಲೆಳೆದು ನಡೆಯುವುದೇ ಅದಕ್ಕೆ ಸಾಕ್ಷಿ. ಆ ಮಾವ ಕಟ್ಟಡದ ಅಟ್ಟಣಿಗೆಯಿಂದ ಬಿದ್ದದ್ದನ್ನು ಅತ್ತೆ ಸಾಕ್ಷ್ಯವಾಗಿ ಪರಿಗಣಿಸಿರಲಿಲ್ಲ. ನನ್ನ ಕೈಯಿಂದ ಲೋಟ ಜಾರಿದಾಗಲೆಲ್ಲ ಅಮ್ಮ ತಾವೇ ಬೀಳಿಸಿದವರಂತೆ ತಲೆತಗ್ಗಿಸುತ್ತಿದ್ದರು.

ರಕ್ತ ಕೇಳಿದೊಡನೆ ಅಮ್ಮ ತಪ್ಪೊಪ್ಪಿಕೊಳ್ಳುವವರ ಹಾಗೆ ತೋಳು ಚಾಚಿದರು. ಮನೆ ಬದಲಿಸುವವರ ಸಾಮಾನು ಹೊರುವ ಅಪ್ಪ, “ನಂದ್ಯಾಕೆ? ನಾನು ಈಗ್ಲೂ ಬೀರು ಒಬ್ಬನೇ ಎತ್ತುತ್ತೀನಿ” ಎಂದರು. ಎಂದೂ ಎದುರಾಡದ ಅಮ್ಮ, “ನಿಮ್ಮ ಶಕ್ತಿ ಯಾರೂ ಕೇಳ್ತಿಲ್ಲ, ಒಂದು ಚಮಚ ರಕ್ತ ಕೇಳ್ತಿದ್ದಾರೆ” ಎಂದರು. ಅಪ್ಪ ಅಂಗಿಯ ತೋಳು ಮಡಚಿ ಕೈ ಚಾಚಿದರು.

ತಮ್ಮ ಎರಡನೆಯ ಅಪ್ಪಣೆ ಬಂತು: ಒಂದು ಬದಲಾವಣೆ ಅಪ್ಪನಿಂದ, ಒಂದು ಅಮ್ಮನಿಂದ. ಇಬ್ಬರಿಂದಲೂ ಬಂದಿರುವುದರಿಂದ ಜೀನಿನ ಎರಡು ಪ್ರತಿಗಳೂ ಕೆಟ್ಟಂತಾಗಿ ಅನುಮಾನ ಬಹುತೇಕ ತೊಲಗಿತು, ಕಾಯಿಲೆ ಗಟ್ಟಿಯಾಯಿತು. ಅಂದಹಾಗೆ, ಮೊದಲಿನಿಂದಲೂ ಖಚಿತವಾಗಿದ್ದ ದೋಷ ಅಪ್ಪನದು.

“ಹಾಗಾದ್ರೆ ನಾನೇನಾ?” ಎಂದು ಅಪ್ಪ ತಜ್ಞೆಯನ್ನು ಕೇಳಿದರು. “ಇಬ್ಬರೂ. ಯಾರ ತಪ್ಪೂ ಅಲ್ಲ” ಎಂದರು ಅವರು. ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ ಅಪ್ಪ ನಿಂತುಬಿಟ್ಟರು. “ಅಕ್ಕ ಅಂದಾಗೆಲ್ಲ ನಾನು ಸುಮ್ಮನೇ ಇದ್ದೆ” ಎಂದರು. ಅಮ್ಮ “ಗೊತ್ತು” ಎಂದು ಕೈಯಲ್ಲಿದ್ದ ಚೀಲವನ್ನು ಅವರ ಕೈಗೆ ಕೊಟ್ಟು ಮುಂದೆ ನಡೆದರು. ಅಮ್ಮ ಅಷ್ಟು ನೆಟ್ಟಗೆ ನಡೆದದ್ದನ್ನು ನಾನು ಎಂದೂ ನೋಡಿರಲಿಲ್ಲ.

ಉರಿಯೂತದ ಮಾತ್ರೆಯನ್ನು ತಜ್ಞೆ ಹಂತಹಂತವಾಗಿ ನಿಲ್ಲಿಸಿದರು, ಮುಖ ಮೊದಲಿನಂತಾಯಿತು. ಬದಲಿಗೆ ಕೊಡಲು ಮದ್ದಿಲ್ಲವಂತೆ. ನನ್ನ ಕಾಯಿಲೆಗೆ ನಾಲಿಗೆ ಹೊರಳದಷ್ಟು ಸೊಗಸಾದ ಹೆಸರಿಟ್ಟ ತಾವು ಮದ್ದನ್ನೂ ಜೊತೆಗಿಟ್ಟು ಕಳಿಸಲು ಮರೆತಿರೆಂದು ಭಾವಿಸಿದ್ದೇನೆ. ಮುಂದಿನ ಅಂಚೆಯಲ್ಲಾದರೂ ಬರಲಿ. ಅಲ್ಲಿಯವರೆಗೆ ಗಿರಾಕಿಗಳನ್ನು ಗಿಡ್ಡ ಮಣೆಯ ಮೇಲೆ ಕೂರಿಸಿ ಕತ್ತರಿಸುತ್ತಿದ್ದೇನೆ, ನನಗೆ ಎಟುಕುವ ನೆತ್ತಿಗಳು ಇನ್ನೂ ಬಹಳಷ್ಟಿವೆ. ಹಾಗೆಯೇ ಅಮ್ಮ ಇಷ್ಟು ವರ್ಷ ಹೊತ್ತ ದೂರು ಅಳಿಯುವಂತೆ ಅಪ್ಪ ಅಮ್ಮ ಇಬ್ಬರ ಫಲಿತಾಂಶವನ್ನು ಅವರ ಮದುವೆಯ ಮರುದಿನದ ತಾರೀಖು ಹಾಕಿ ಮತ್ತೊಮ್ಮೆ ಕಳಿಸಲು, ಮತ್ತು ಮೈಯ ಸ್ನಾಯುಗಳೆಲ್ಲ ಸೋತರೂ ಕೆಲವರ ನಾಲಿಗೆ ಮಾತ್ರ ಸೋಲದಿರುವುದು ಯಾವ ಜೀನಿನ ಮಹಿಮೆಯೆಂದು ಕಂಡುಹಿಡಿಯಲು ಪ್ರಾರ್ಥಿಸುತ್ತೇನೆ.

ಇತಿ, ಸದ್ಯಕ್ಕೆ ಅರ್ಥ ಬಹುತೇಕ ನಿಶ್ಚಿತವಾಗಿರುವ
ತಮ್ಮ ವಿಶ್ವಾಸಿ

ಮರೆತ ಮಾತು: ಕೊಳವೆಗಳು ಅದಲುಬದಲಾಗಿವೆ ಎಂಬುದು ಸೋದರತ್ತೆಯ ಹೊಸ ತೀರ್ಪು. ಆದರೆ ಮದುವೆ ಗೊತ್ತಾಗಿರುವ ಅವರ ಮಗಳು, ತಾಯಿಗೆ ತಿಳಿಯದಂತೆ, ತಜ್ಞೆಯ ವಿಳಾಸ ಕೇಳಿಕೊಂಡು ಹೋಗಿದ್ದಾಳೆ. ಅವಳ ಕೊಳವೆಯ ಮೇಲೆ ದಯವಿಟ್ಟು ಹೆಸರನ್ನು ದಪ್ಪಗೆ ಬರೆಯಿರಿ. ಅದರಲ್ಲೇನಾದರೂ ಸಿಕ್ಕಿದರೆ, ತಾವೂ ನಮ್ಮ ಅಮ್ಮನ ಕಡೆಯ ಸಂಬಂಧಿಕರೇ ಎಂದು ಅತ್ತೆ ಸಾಬೀತುಪಡಿಸಿಯಾರು.