ಪಾಸಾದ ಕೂಡಲೇ ಕಳಿಸಿ

“ಪಾಸಾದ ಕೂಡಲೇ ಕಳಿಸಿ, ಸಂಜೆ ಐದಕ್ಕೆ ನಾನೇ ಗೇಟಿನ ಹತ್ತಿರ ನಿಂತಿರ್ತೇನೆ ಅಂದ್ಲು ಉಷಾಲತಾ.”

ಇಷ್ಟು ಹೇಳಿ ಮೂಸಬ್ಬರು ಕಡಲೆಬೇಳೆಯ ಗೋಣಿಯೊಳಗೆ ಕೈ ಹಾಕಿದರು. ಎದುರಿಗೆ ನಿಂತಿದ್ದ ಕಮಲಾಕ್ಷನ ಚಹಾದ ಗ್ಲಾಸು ತುಟಿಗೂ ಗಲ್ಲಕ್ಕೂ ನಡುವೆ ದಾರಿ ತಪ್ಪಿ ನಿಂತಿತು.

ಕೊಲ್ಲಿ ದೇಶದ ಮನಾಮಾದಲ್ಲಿ, ಹಳೆ ಪೇಟೆಯಾದ ಸೂಕಿನ ಹಿಂದಿನ ಗಲ್ಲಿಯಲ್ಲಿ ಮೂಸಬ್ಬರದು ದಿನಸಿ ಅಂಗಡಿ. ಸಲ್ಮಾನಿಯಾದಲ್ಲಿರುವ ನರ್ಸುಗಳ ಹಾಸ್ಟೆಲಿಗೆ ಅಕ್ಕಿ, ತೆಂಗಿನಕಾಯಿ ಹೋಗುವುದು ಅಲ್ಲಿಂದಲೇ. ಆ ಹಾಸ್ಟೆಲಿನಲ್ಲಿ ಕಾರ್ಕಳದ ಉಷಾಲತಾ ಇದ್ದಳು. ಆರು ತಿಂಗಳ ಹಿಂದೆ ಕಮಲಾಕ್ಷನಿಗೆ ಜ್ವರ ಬಂದಾಗ ಇಂಜೆಕ್ಷನ್ ಚುಚ್ಚಿ, “ನೋವಾಯ್ತಾ?” ಎಂದು ಕನ್ನಡದಲ್ಲಿ ಕೇಳಿದ್ದಳು. ಜ್ವರ ಮೂರು ದಿನಕ್ಕೆ ಬಿಟ್ಟಿತು. ನೋವು ಮಾತ್ರ ಇನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಹೋದ ವಾರ ಅವನು ಮೂಸಬ್ಬರ ಕಿವಿಯಲ್ಲಿ, “ಅಕ್ಕಿ ಕೊಡ್ಲಿಕ್ಕೆ ಹೋದಾಗ ಆಕೆಯ ಮನಸ್ಸು ಏನಂತ ಒಮ್ಮೆ ಕೇಳಿ ಬ್ಯಾರಿಗಳೇ” ಎಂದು ಬೇಡಿಕೊಂಡಿದ್ದ. ಇಂದು ಬೆಳಿಗ್ಗೆ ಎದ್ದವನೇ ಓಡಿ ಬಂದು, “ಏನಂದ್ಲು?” ಎಂದು ಕೇಳಿದ್ದಕ್ಕೆ ಸಿಕ್ಕಿದ ಉತ್ತರ ಇದು.

“ಪಾಸಾದ ಕೂಡಲೇ ಅಂದ್ರೆ? ಯಾವ ಪಾಸು?”

“ಕಾರಿಂದು ಮಾರಾಯ. ಪಾಸಿಂಗ್. ಇವತ್ತಲ್ವಾ ಚನಿಯನ ಕಾರಿನ ಪಾಸಿಂಗ್?”

ಕಮಲಾಕ್ಷನಿಗೆ ಎಲ್ಲವೂ ಸ್ಪಷ್ಟವಾಯಿತು. ಟೈಲರ್ ಚನಿಯನ ಬದನೆಕಾಯಿ ಬಣ್ಣದ ಕಾರನ್ನು ಕೊಳ್ಳುವುದೋ ಬೇಡವೋ ಎಂದು ಅವನು ಒಂದು ತಿಂಗಳಿಂದ ಹಿಂದೆ ಮುಂದೆ ನೋಡುತ್ತಿದ್ದುದು ಗಲ್ಲಿಗೆಲ್ಲ ಗೊತ್ತಿತ್ತು. ಹಾಸ್ಟೆಲಿಗೂ ಗೊತ್ತಾಗಿದೆ. ಕಾರು ಪಾಸಾದರೆ ತಾನೂ ಪಾಸು. ಎಂಥ ಸೂಕ್ಷ್ಮದ ಹುಡುಗಿ ಎಂದುಕೊಂಡ.

ಹಡಗು ಕಂಪನಿಯೊಂದರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದ ಕಮಲಾಕ್ಷನದು ಒಂದೇ ದೌರ್ಬಲ್ಯ. ಮನುಷ್ಯರು ಬಾಯಲ್ಲಿ ಹೇಳಿದ್ದನ್ನು ಅನುಮಾನಿಸುತ್ತಿದ್ದ, ಬರೆದಿಟ್ಟದ್ದನ್ನು ಕಣ್ಣುಮುಚ್ಚಿ ನಂಬುತ್ತಿದ್ದ. ಅದಕ್ಕೆ ಸೀಲು ಬಿದ್ದಿದ್ದರಂತೂ ಕೈಮುಗಿಯುತ್ತಿದ್ದ. ಬರೆದಿಡುವುದು ಮೂಸಬ್ಬರ ಹುಚ್ಚು. ಪಾಸಿಂಗ್ ಯಾರ್ಡಿನ ಎದುರಿನ ಚಹಾದಂಗಡಿ ಅವರ ತಮ್ಮನದು. ಯಾವ ಕಾರು ವರ್ಷದ ಪರೀಕ್ಷೆಯಲ್ಲಿ ಒಂದೇ ಸಲಕ್ಕೆ ಗೆದ್ದಿತು, ಯಾವುದು ತಲೆ ತಗ್ಗಿಸಿಕೊಂಡು ಹೊರಗೆ ಬಂತು ಎಂದು ತಮ್ಮ ನೋಡಿ ಹೇಳುವುದು, ಅಣ್ಣ ಉದ್ದ ಪುಸ್ತಕದಲ್ಲಿ ಬರೆಯುವುದು, ಹೀಗೆ ಎಂಟು ವರ್ಷವಾಗಿತ್ತು. ಹಳೆ ಕಾರು ಕೊಳ್ಳುವವರು ಜಾತಕ ತೋರಿಸಲು ಬರುವಂತೆ ಅವರ ಬಳಿಗೆ ಬರುತ್ತಿದ್ದರು.

“ಜಪಾನಿಂದು ಹತ್ತರಲ್ಲಿ ಎಂಟು,” ಎಂದು ಮೂಸಬ್ಬರು ಈಗಲೂ ಪುಟ ತಿರುವಿದರು. “ಇಂಗ್ಲೆಂಡಿಂದು ಹತ್ತರಲ್ಲಿ ನಾಲ್ಕು, ಅದೂ ಚಳಿಗಾಲದಲ್ಲಿ. ಅಮೆರಿಕದ್ದು ಪಾಸಾಗ್ತದೆ, ಆದ್ರೆ ಯಾರ್ಡಿನ ಬಾಗಿಲಲ್ಲಿ ಹಿಡಿಯುದಿಲ್ಲ. ಇದು ನೋಡು, ಚನಿಯನ ಕಾರು. ಎಪ್ಪತ್ತೊಂಬತ್ತು ಪಾಸು, ಎಂಬತ್ತು ಪಾಸು, ಎಂಬತ್ತೊಂದು ಪಾಸು. ಮೂರೂ ಒಂದೇ ಸಲಕ್ಕೆ. ನನ್ನ ಪುಸ್ತಕದಲ್ಲಿ ಬೇರೆ ಯಾವ ಕಾರಿಗೂ ಈ ಯೋಗ ಇಲ್ಲ.”

“ಮೂರು ವರ್ಷಕ್ಕೆ ಮೂರು ಹೆಸರಿದೆಯಲ್ಲ? ಆದಂ, ಶರೀಫ, ಚನಿಯ.”

“ಒಳ್ಳೆ ಕಾರು ಅಂದ್ಮೇಲೆ ನಾಲ್ಕು ಜನ ಕೇಳ್ತಾರೆ.”

ನಾಲ್ಕನೆಯವನು ಆಫೀಸಿಗೆ ಹೊಟ್ಟೆನೋವೆಂದು ಹೇಳಿ ಕಳಿಸಿದ. ಒಂಬತ್ತು ಗಂಟೆಗೆ ಚನಿಯನ ಪಕ್ಕದಲ್ಲಿ ಕೂತು ಯಾರ್ಡಿಗೆ ಹೊರಟ.

ಅಂದು ಕಾರು ಮದುಮಗಳಂತಿತ್ತು. ಹಿಂದಿನ ಸೀಟಿಗೆ ಹೊಸ ಕಳೆ, ಕೆಂಪು ದೀಪಕ್ಕೆ ಮಿರುಗುವ ಕೆಂಪು. ಬಲಗಡೆಯ ಕನ್ನಡಿಗಂತೂ ಗುಲಾಬಿ ಬಣ್ಣದ ಅಂಚು. ಅದನ್ನು ತಂತಿ ಸುತ್ತಿ ಕಟ್ಟಿದ್ದರೂ, ವಿಲಾಯತಿ ಕಾರಿಗೆ ಹಾಗೇ ಇರಬೇಕೆಂದು ಕಮಲಾಕ್ಷ ಸುಮ್ಮನಾದ.

ಸಾಲಿನಲ್ಲಿ ಇವರ ಸರದಿ ಬರುವಾಗ ಚನಿಯ ಕಾಗದಕ್ಕೆ ಓಡಿದ್ದ. ಬಿಳಿ ಅಂಗಿಯ ಪರೀಕ್ಷಕ ಕಿಟಕಿಯ ಬಳಿ ಬಗ್ಗಿ, “ಮುಲ್ಕಿಯಾ?” ಎಂದು ಕೇಳಿದ.

ಕಮಲಾಕ್ಷ ಪುಳಕಗೊಂಡ. ಸಮುದ್ರದ ಈಚೆಗೆ ಅವನ ಊರನ್ನು ಮುಖ ನೋಡಿಯೇ ಹೇಳಿದವರು ಇವರೊಬ್ಬರೇ. “ಹೌದು ಸರ್, ಮುಲ್ಕಿಯ. ಬಸ್‌ಸ್ಟ್ಯಾಂಡಿನ ಹಿಂದೆಯೇ ಮನೆ,” ಎಂದು ಕೈ ಕುಲುಕಿದ.

“ಮುಲ್ಕಿಯಾ,” ಎಂದು ಪರೀಕ್ಷಕ ಮತ್ತೊಮ್ಮೆ ಕೈ ಚಾಚಿದ. ಕಮಲಾಕ್ಷ ಮತ್ತೊಮ್ಮೆ ಕುಲುಕಿದ.

ಚನಿಯ ಏದುಸಿರು ಬಿಡುತ್ತ ಬಂದು ಒಂದು ಕಾರ್ಡನ್ನು ನಡುವೆ ತೂರಿಸಿದ. “ಆ ಮುಲ್ಕಿ ಅಲ್ಲ ಕಮಲಾಕ್ಷಣ್ಣ. ಮುಲ್ಕಿಯಾ ಅಂದ್ರೆ ಈ ಕಾರ್ಡು. ಕಾರು ಯಾರ್ದು ಅಂತ ಇದ್ರಲ್ಲಿರ್ತದೆ.”

ಹಾರ್ನ್ ಒತ್ತಿದಾಗ ಬಂದರಿಗೆ ಹಡಗು ಬಂದಷ್ಟು ಸದ್ದಾಯಿತು. ದೀಪ ಉರಿಯಿತು, ಬ್ರೇಕು ಹಿಡಿಯಿತು. ಪರೀಕ್ಷಕ ಕನ್ನಡಿಯಲ್ಲಿ ಮೀಸೆ ನೋಡಿಕೊಂಡು ತೃಪ್ತನಾಗಿ ಸೀಲು ಗುದ್ದಿದ. ಪಾಸು, ಒಂದೇ ಸಲಕ್ಕೆ. ಮಧ್ಯಾಹ್ನದೊಳಗೆ ಕಮಲಾಕ್ಷನ ಎರಡು ವರ್ಷದ ಉಳಿತಾಯ ಚನಿಯನ ಕಿಸೆಗೂ, ಕಾರ್ಡು ಕಮಲಾಕ್ಷನ ಹೆಸರಿಗೂ ಹೋದವು.

“ಈ ಅಂಗಿಯಲ್ಲಿ ಹೋಗ್ತೀರಾ?” ಎಂದ ಚನಿಯ. “ನಿಲ್ಲಿ.” ಅಂಗಡಿಯ ಕಪಾಟಿನಿಂದ ನೀಲಿ ಬಣ್ಣದ, ಮೈತುಂಬ ಹಳದಿ ಗಿಳಿಗಳಿದ್ದ ಅಂಗಿಯೊಂದನ್ನು ತೆಗೆದು ತೊಡಿಸಿದ. ತೋಳು ಮಣಿಗಂಟಿಗಿಂತ ನಾಲ್ಕು ಬೆರಳು ಮೇಲೆಯೇ ನಿಂತಿತು. “ಕೈ ಮಡಚಿ ಇಟ್ಕೊಳ್ಳಿ, ಗೊತ್ತಾಗುದಿಲ್ಲ.”

ಕಮಲಾಕ್ಷ ಕೈ ಮಡಚಿಕೊಂಡು ಕಾರಿನ ಬಳಿಗೆ ಬಂದಾಗ ಅದರ ಹಿಂಭಾಗದಲ್ಲಿ ಮೂಸಬ್ಬರ ಹೆಂಡತಿ ರುಕಿಯಮ್ಮ ಚಮಚದಿಂದ ಏನೋ ಮೀಟುತ್ತಿದ್ದರು.

“ಏನು ರುಕಿಯಮ್ಮಾ?”

“ಏನಿಲ್ಲ ಮಗಾ. ಉಪ್ಪಿನಕಾಯಿ ಭರಣಿಯ ಮುಚ್ಚಳ. ಬೆಳಿಗ್ಗೆಯಿಂದ ತೆರೆದೇ ಉಂಟು, ನೊಣ ಕೂತ್ರೆ ಹಾಳು.” ಟಪ್ಪೆಂದು ಕೆಂಪು ದೀಪ ಕಿತ್ತುಬಂತು. ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಅವರು ಒಳಗೆ ಹೋದರು.

ಹಗಲಿಗೆ ದೀಪ ಯಾಕೆ ಎಂದು ಕಮಲಾಕ್ಷ ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ಪಿಕಪ್ಪಿನಲ್ಲಿ ಮೀನು ಮಾರುವ ಆದಂ ಸ್ಪ್ಯಾನರ್ ಹಿಡಿದು ಬಂದು ಬಾನೆಟ್ ಎತ್ತಿದ.

“ಹಾರ್ನ್ ನಂದು.”

“ಈಗ ಕಾರು ನಂದಲ್ವಾ?”

“ಕಾರು ನಿಂದೇ. ನಾನು ಇಲ್ಲ ಅಂದ್ನಾ? ಹಾರ್ನ್ ನಂದು. ಅದಿಲ್ಲದೆ ನನ್ನ ಬಂಗುಡೆ ತಾನೇ ಕೂಗಿ ಜನ ಕರೀತದಾ?”

ಹಾರ್ನ್ ಹೋಯಿತು. ಊಟ ಮುಗಿಸಿ ಬಂದ ಮೂಸಬ್ಬರು ಹಿಂದಿನ ಬಾಗಿಲು ತೆರೆದು, “ಒಂದು ಕೈ ಹಿಡಿ ಮಾರಾಯ,” ಎಂದರು. ಕಮಲಾಕ್ಷ ಹಿರಿಯರೆಂದು ಕೈ ಹಿಡಿದ. ಇಬ್ಬರೂ ಸೇರಿ ಹಿಂದಿನ ಸೀಟನ್ನು ಅಂಗಡಿಯ ಮುಂದೆ ಇಳಿಸಿದಾಗಲೇ ಅವನಿಗೆ ಹೊಳೆದದ್ದು, ಅದು ತಾನು ದಿನಾ ಕೂತು ಚಹಾ ಕುಡಿಯುತ್ತಿದ್ದ ಬೆಂಚು. ಬೆಳಿಗ್ಗೆ ನಿಂತು ಕುಡಿಯಬೇಕಾಗಿ ಬಂದದ್ದೂ ಅದಕ್ಕೇ.

ಅಜ್ಜಿಯಂದಿರ ಕತೆಯಲ್ಲಿ ರಕ್ಕಸನ ಪ್ರಾಣ ಅವನ ಮೈಯಲ್ಲಿರುವುದಿಲ್ಲ. ಏಳು ಕಡಲಿನಾಚೆ ಮರದ ಪೊಟರೆಯಲ್ಲಿ ಒಂದು ಗಿಳಿ, ಆ ಗಿಳಿಯಲ್ಲಿ ಪ್ರಾಣ. ಈ ಕಾರಿನ ಪ್ರಾಣಕ್ಕೆ ಅಷ್ಟು ದೂರ ಹೋಗುವ ಕಷ್ಟವಿರಲಿಲ್ಲ. ಗಲ್ಲಿಯ ಒಂದೊಂದು ಮನೆಯಲ್ಲಿ ಒಂದೊಂದು ತುಂಡು ಇತ್ತು. ವರ್ಷಕ್ಕೊಂದು ಬೆಳಿಗ್ಗೆ ಎಲ್ಲವೂ ಬಂದು ಸೇರುತ್ತಿದ್ದವು, ಸೀಲು ಬೀಳುತ್ತಿತ್ತು, ಸಂಜೆಯೊಳಗೆ ತಮ್ಮ ತಮ್ಮ ಮನೆಗೆ ಮರಳುತ್ತಿದ್ದವು.

ನಾಲ್ಕೂವರೆಗೆ ಕಂಪನಿಯ ವ್ಯಾನ್ ಓಡಿಸುವ ಶರೀಫ ಬಂದ. ಅವನು ಮರ್ಯಾದಸ್ಥ, ಕೇಳಿಯೇ ತೆಗೆದ. “ಬ್ಯಾಟರಿ ತೆಗೀಲಾ ಕಮಲಾಕ್ಷಣ್ಣ?” ಎಂದು ಕೇಳುವಾಗ ಬ್ಯಾಟರಿ ಅವನ ಕಂಕುಳಲ್ಲಿತ್ತು.

“ಶರೀಫಾ, ಐದು ಗಂಟೆಗೆ ನಾನು ಸಲ್ಮಾನಿಯಾದಲ್ಲಿರ್ಬೇಕು. ನನ್ನ ಬಾಳಿನ ಪ್ರಶ್ನೆ.”

ಶರೀಫ ಅವನನ್ನೂ ಗಿಳಿಗಳನ್ನೂ ನೋಡಿದ. ಬ್ಯಾಟರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿ, “ಆದಂ ಆ ಕಡೆಗೇ ಮೀನು ತಕ್ಕೊಂಡು ಹೋಗ್ತಾನೆ. ಹಗ್ಗ ಕಟ್ಟಿಸ್ಕೊಳ್ಳಿ,” ಎಂದು ಹೊರಟುಹೋದ.

ಹೀಗೆ ಕಮಲಾಕ್ಷನ ಹೆಣ್ಣು ನೋಡುವ ಮೆರವಣಿಗೆ ಹೊರಟಿತು. ಮುಂದೆ ಮೀನಿನ ಪಿಕಪ್, ಹಿಂದೆ ಹಗ್ಗ, ಹಗ್ಗದ ತುದಿಯಲ್ಲಿ ಸ್ಟೀರಿಂಗ್ ಹಿಡಿದ ಮದುಮಗ. ದಾರಿಯುದ್ದಕ್ಕೂ ಆದಂ ಗಿರಾಕಿಗಳಿಗಾಗಿ ಹಾರ್ನ್ ಒತ್ತುತ್ತಿದ್ದ. ಬೆಳಿಗ್ಗೆ ತನ್ನದಾಗಿದ್ದ ಆ ಸದ್ದು ಈಗ ಹತ್ತು ಮಾರು ಮುಂದಿನಿಂದ ಕೇಳಿಬರುವಾಗ ಕಮಲಾಕ್ಷ ತನ್ನ ಸ್ಟೀರಿಂಗಿನ ನಡುವೆ ಸುಮ್ಮನೆ ಒಮ್ಮೆ ಒತ್ತಿ ನೋಡಿದ. ಎರಡು ಬೆಕ್ಕುಗಳು ಸ್ವಲ್ಪ ದೂರ ಜೊತೆಗೆ ಬಂದವು. ಆದರೂ ಅವನು ಧೈರ್ಯ ಬಿಡಲಿಲ್ಲ. ಕಿಸೆಯಲ್ಲಿ ಸೀಲು ಬಿದ್ದ ಕಾಗದವಿತ್ತು.

ಹಾಸ್ಟೆಲಿನ ಗೇಟಿನಲ್ಲಿ ಉಷಾಲತಾ ನಿಜವಾಗಿಯೂ ಕಾಯುತ್ತಿದ್ದಳು. ಬಿಳಿ ಯೂನಿಫಾರ್ಮು, ಕೆದರಿದ ತಲೆಗೂದಲು. ಕಾರು ಕಂಡವಳೇ ಮುಖ ಅರಳಿಸಿ ಎದುರಿಗೆ ಬಂದಳು.

“ಸರಿಯಾಗಿ ಐದಕ್ಕೇ ಬಂದ್ರಿ. ಪಾಸಾಯ್ತಾ?”

“ಒಂದೇ ಸಲಕ್ಕೆ,” ಎಂದ ಕಮಲಾಕ್ಷ, ಇಳಿದು ಕೈ ಮಡಚಿ ನಿಲ್ಲುತ್ತ.

“ಹಾಗಾದ್ರೆ ಕೊಡಿ.”

ಇಂಥ ಗಳಿಗೆಯಲ್ಲಿ ಕೊಡುವುದು ಏನೆಂದು ಕಮಲಾಕ್ಷನಿಗೆ ಗೊತ್ತಿತ್ತು. ಮಡಚಿದ್ದ ಕೈಯನ್ನು ಬಿಡಿಸಿ, ಗಿಡ್ಡ ತೋಳಿನ ನಾಚಿಕೆಯನ್ನೂ ಮರೆತು ಮುಂದಕ್ಕೆ ಚಾಚಿದ. ಉಷಾಲತಾ ಆ ಕೈಯನ್ನು ನೋಡಿದಳು, “ಒಂಚೂರು ಪಕ್ಕಕ್ಕೆ ನಿಲ್ಲಿ,” ಎಂದಳು. ನಂತರ ಅವನನ್ನು ದಾಟಿ ಹೋಗಿ ಕಾರಿನ ಕನ್ನಡಿಗೆ ಸುತ್ತಿದ್ದ ತಂತಿಯನ್ನು ಬಿಚ್ಚತೊಡಗಿದಳು.

“ಬೆಳಿಗ್ಗೆಯಿಂದ ನಾವು ಹನ್ನೆರಡು ಜನ ಚಮಚದಲ್ಲಿ ಮುಖ ನೋಡಿ ತಲೆ ಬಾಚಿದ್ದೇವೆ. ಪಾಸಾದ ಕೂಡಲೇ ಕಳಿಸಿ ಅಂತ ಎಷ್ಟು ಸಲ ಹೇಳಿದ್ದೆ ಬ್ಯಾರಿಗಳಿಗೆ.”

ಗುಲಾಬಿ ಅಂಚಿನ ಕನ್ನಡಿ ಅವಳ ಕೈಗೆ ಬಂತು. ಒರೆಸುತ್ತ ಅವನ ಕಡೆ ತಿರುಗಿದಳು.

“ಒಂದು ಕೇಳ್ತೇನೆ, ಬೇಸರ ಮಾಡ್ಬೇಡಿ. ಹೋದ ವರ್ಷ ಆ ಟೈಲರ್ ತಂದುಕೊಟ್ರು. ಅದರ ಹಿಂದಿನ ವರ್ಷ ವ್ಯಾನಿನವರು. ಮೊದಲ ಸಲ ಅಲ್ಲಿದ್ದಾರಲ್ಲ, ಅವರು.” ಪಿಕಪ್ಪಿನಲ್ಲಿ ಆದಂ ಒಂದು ಬಂಗುಡೆಯ ಕಿವಿರನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದ. “ಎಲ್ಲರದ್ದೂ ಇದೇ ಗಿಳಿ ಅಂಗಿ. ಕನ್ನಡಿ ತರುವವರಿಗೆ ಇದು ಯೂನಿಫಾರ್ಮಾ?”

ಕಮಲಾಕ್ಷ ಚಾಚಿದ್ದ ಕೈಯನ್ನು ಮತ್ತೆ ಮಡಚಿಕೊಂಡ.

“ನೀವು ಎಲ್ಲಿಯವರು?” ಎಂದು ಅವಳೇ ಕೇಳಿದಳು.

“ಮುಲ್ಕಿಯ...” ಎಂದ ಅವನ ಕೈ ತಾನಾಗಿಯೇ ಕಿಸೆಗೆ ಹೋಗಿ ಕಾರ್ಡನ್ನು ತೆಗೆದು ಚಾಚಿತು.

“ಕಾರ್ಡು ನನಗೆ ಯಾಕೆ? ಊರು ಕೇಳಿದ್ದು,” ಎಂದು ಅವಳು ನಕ್ಕಳು. ನಕ್ಕು, ಹೋಗದೆ ಒಂದು ಕ್ಷಣ ನಿಂತಳು. “ಏನಾದ್ರೂ ಹೇಳ್ಲಿಕ್ಕಿತ್ತಾ?”

ಅವಳ ಕೈಯ ಕನ್ನಡಿಯಲ್ಲಿ ಕಮಲಾಕ್ಷನಿಗೆ ತನ್ನ ಮುಖ ಕಂಡಿತು. ಧೂಳು, ಬೆವರು, ಕೆಳಗೆ ಹಳದಿ ಗಿಳಿಗಳು. ಅದೇ ಹೊತ್ತಿಗೆ ಮುಂದಿನಿಂದ ಆದಂ, ಮೀನು ಕೆಡುತ್ತದೆಂದು, ಹಾರ್ನ್ ಒತ್ತಿದ.

“ಇಲ್ಲ,” ಎಂದ ಕಮಲಾಕ್ಷ.

“ಎಲ್ಲರೂ ಹಾಗೇ ಹೇಳ್ತಾರೆ,” ಎಂದು ಉಷಾಲತಾ ಕನ್ನಡಿಯನ್ನು ಎದೆಗವಚಿಕೊಂಡು ಒಳಗೆ ಹೋದಳು.

ಹಗ್ಗದ ತುದಿಯಲ್ಲಿ ಕಾರು ಗಲ್ಲಿಗೆ ಮರಳಿದಾಗ ಮೂಸಬ್ಬರ ಅಂಗಡಿಯ ಮುಂದಿನ ಸೀಟಿನಲ್ಲಿ ಶರೀಫ, ಚನಿಯ ಕೂತಿದ್ದರು. ಆದಂ ಇಳಿದು ಮೂರನೆಯವನಾದ. ಕಮಲಾಕ್ಷ ನೇರವಾಗಿ ಮೂಸಬ್ಬರ ಮುಂದೆ ಹೋಗಿ ನಿಂತ.

“ಬ್ಯಾರಿಗಳೇ, ನಾನು ನಿಮ್ಮಲ್ಲಿ ಏನು ಕೇಳ್ಲಿಕ್ಕೆ ಹೇಳಿದ್ದು?”

“ಅವಳ ಮನಸ್ಸು ಏನಂತ.”

“ಕೇಳಿದ್ರಾ?”

ಮೂಸಬ್ಬರು ತಲೆಯ ಟೊಪ್ಪಿಯನ್ನು ಹಿಂದಕ್ಕೆ ಸರಿಸಿದರು. “ಅದೇ ಮಾರಾಯ, ಹೋದ ಕೂಡಲೇ ಅವಳು ಕನ್ನಡಿ ವಿಷಯ ತೆಗೀತಾಳೆ. ಆ ಗಡಿಬಿಡಿಯಲ್ಲಿ ಮರೆತೇ ಹೋಗ್ತದೆ. ನೀನು ‘ಏನಂದ್ಲು’ ಅಂತ ಕೇಳಿದಿ, ಅವಳು ಅಂದದ್ದನ್ನು ಹೇಳಿದೆ. ಒಂದು ಅಕ್ಷರ ಸೇರಿಸಿದ್ದೇನಾ?”

“ಇವರು ಕೇಳ್ಲಿಕ್ಕೆ ಹೇಳಿದ್ದು?”

“ಇವರ ಮೂವರದ್ದೂ ಮರೆತು ಹೋಯ್ತು.”

ಸೀಟಿನಲ್ಲಿದ್ದ ಮೂವರೂ ಒಟ್ಟಿಗೆ ಚಹಾ ಹೀರಿದರು. ಮೂಸಬ್ಬರು ಉದ್ದ ಪುಸ್ತಕ ತೆರೆದು, ಎಂಬತ್ತೆರಡು, ಪಾಸು, ಕಮಲಾಕ್ಷ ಎಂದು ದುಂಡಗೆ ಬರೆದರು.

“ಕೂತ್ಕೋ ಮಾರಾಯ,” ಎಂದು ಆದಂ ಒತ್ತಿಕೊಂಡು ಜಾಗ ಬಿಟ್ಟ. “ಮಾರುವ ಮೊದಲು ನೀನೂ ಏನಾದ್ರೂ ಒಂದು ಬಿಚ್ಚಿ ಇಟ್ಕೋ. ನಾನು ಹಾರ್ನ್ ಇಟ್ಕೊಂಡೆ, ಶರೀಫ ಬ್ಯಾಟರಿ. ಮನಸ್ಸಿಗೆ ಸ್ವಲ್ಪ ಸಮಾಧಾನ ಆಗ್ತದೆ.”

“ಮೊದಲು ಅಂಗಿ ಬಿಚ್ಚಿ,” ಎಂದ ಚನಿಯ. “ಕಾಲರ್ ಕೊಳೆ ಆದ್ರೆ ಒಗೆಯುವವ ನಾನು.”

ಕಮಲಾಕ್ಷ ಗಿಳಿಗಳನ್ನು ಕಳಚಿ ಕೊಟ್ಟು, ಬನಿಯನ್ನಿನಲ್ಲಿ ನಾಲ್ಕನೆಯವನಾಗಿ ಕೂತ. ಸೀಟು ಮೆತ್ತಗಿತ್ತು. ಎದುರಿಗೆ ಕಾರು ಸಂಜೆಯ ಬೆಳಕಿನಲ್ಲಿ ಕಣ್ಣು ಕಿವಿ ಕಳೆದುಕೊಂಡು ನಿಂತಿತ್ತು. ಸ್ಟೀರಿಂಗ್ ಒಂದು ಚೆನ್ನಾಗಿದೆ, ಅಡುಗೆಮನೆಯ ಗೋಡೆಗೆ ಹೊಡೆದರೆ ಟವೆಲ್ ಹಾಕಬಹುದು ಎಂದು ಅವನು ಲೆಕ್ಕ ಹಾಕಿದ. ಚಹಾ ಅರ್ಧ ಗ್ಲಾಸಿಗೆ ಇಳಿಯಿತು.

“ನಮ್ಮ ಆಫೀಸಿಗೆ ಶನಿವಾರ ಊರಿಂದ ಒಬ್ಬ ಹೊಸ ಗುಮಾಸ್ತ ಬರ್ತಾನಂತೆ,” ಎಂದ ಕಮಲಾಕ್ಷ ಕೊನೆಗೆ, ಯಾರ ಮುಖವನ್ನೂ ನೋಡದೆ. “ಮದುವೆ ಆಗಿಲ್ಲ.”

ಚನಿಯ ಕುತ್ತಿಗೆಯಿಂದ ಅಳತೆ ಟೇಪು ಇಳಿಸಿದ.

“ತೋಳು ಎಷ್ಟು ಉದ್ದ?”