ಕಾಕಾನ ಎರಡನೇ ಮುಲ್ಕಿ

ಒಂದೇ ಪರೀಕ್ಷೆಯನ್ನು ಒಂದು ಸರಕಾರದಲ್ಲಿ ಪಾಸು ಮಾಡಿ ಇನ್ನೊಂದು ಸರಕಾರದಲ್ಲಿ ನಪಾಸಾದ ಮನುಷ್ಯನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರ ತಾಟಿನ ರೊಟ್ಟಿ ಕಸಿದು ತಿಂದು ಬೆಳೆದವಳು ನಾನು! ಅವರು ನಮ್ಮ ಕಾಕಾ, ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ.

ಗಜೇಂದ್ರಗಡದಲ್ಲಿ ನೇಕಾರರಿಗೆ ನೂಲು ಮಾರುವ ಅಂಗಡಿ ನಮ್ಮದು. ಅಪ್ಪ ನೂಲು ಮಾರುತ್ತಿದ್ದರು, ಕಾಕಾ ಮಾತನ್ನು ಪುಕ್ಕಟೆ ಕೊಡುತ್ತಿದ್ದರು. ಅವರ ಮಾತೆಲ್ಲ ಒಂದೇ ವಿಷಯದ ಮೇಲೆ: ಸಾಲಿ. ಊರಿನ ಸಾಲೆಯಷ್ಟೇ ಅಲ್ಲ, ದೇಶದ ಸಾಲೆಗಳೆಲ್ಲ! ಯಾವ ಸೀಮೆಯಲ್ಲಿ ಎಷ್ಟನೆಯ ವರ್ಷಕ್ಕೆ ಇಂಗ್ಲಿಷು ಶುರು, ಯಾವ ಪರೀಕ್ಷೆ ಯಾವ ಬಾಗಿಲು ತೆರೆಯುತ್ತದೆ, ಯಾವ ಸಾಹೇಬನ ಮೇಲೆ ಯಾವ ಸಾಹೇಬ, ಎಲ್ಲ ಅವರಿಗೆ ಬಾಯಿಪಾಠ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲೇ "ಎಷ್ಟನೆತ್ತಾ ಕಲ್ತೀರಿ?" ಎಂದು ಕೇಳಿಬಿಡುತ್ತಿದ್ದರು. ಹುಬ್ಬಳ್ಳಿ ಬಸ್ಸಿನಿಂದ ಇಳಿದವರನ್ನೂ ಬಿಟ್ಟವರಲ್ಲ.

ಅಂಗಡಿಯ ಕಟ್ಟೆಯ ಮೇಲೆ ಅವರು ಸರಕಾರವನ್ನು ಬಿಡಿಸಿ ಹೇಳುವ ಚೆಂದವೇ ಚೆಂದ.

"ಎಲ್ಲಾರಕಿಂತ ಕೆಳಗ ಕನ್ನಡ ಸಾಲಿ ಮಾಸ್ತರ. ಅವನ ಮ್ಯಾಲೆ ಹೆಡ್‌ಮಾಸ್ತರ. ಅವನ ಮ್ಯಾಲೆ ತಪಾಸಣಿ ಸಾಹೇಬ. ಸಾಹೇಬನ ಮ್ಯಾಲೆ ಧಾರವಾಡದ ಸ್ಕೂಲ್ ಬೋರ್ಡ. ಬೋರ್ಡಿನ ಮ್ಯಾಲೆ ಮುಂಬಯಿ. ಮುಂಬಯಿ ಮ್ಯಾಲೆ ದಿಲ್ಲಿ."

"ದಿಲ್ಲಿ ಮ್ಯಾಲೆ ಯಾರ್ರಿ?" ಎಂದು ಪಕ್ಕದ ಅಂಗಡಿಯ ಕ್ಷೌರಿಕ ಕೇಳುತ್ತಿದ್ದ. ಕಾಕಾನನ್ನು ಕೆಣಕುವುದು ಅವನ ಎರಡನೆಯ ಉದ್ಯೋಗ.

"ದಿಲ್ಲಿ ಮ್ಯಾಲೆ ಯಾರೂ ಇಲ್ಲ. ಅದಕ್ಕ ನೋಡು, ಅಲ್ಲಿ ಕುಂತವರಿಗೆ ಪರೀಕ್ಷಾನ ಇಲ್ಲ!"

ಒಮ್ಮೆ ನರೇಗಲ್ಲಿನಿಂದ ನಮ್ಮ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಉಪ್ಪಿಟ್ಟು ಗಂಟಲಲ್ಲಿ ಇಳಿಯುವ ಮೊದಲೇ ಕಾಕಾ ವರನಿಗೆ ಲೆಕ್ಕ ಹಾಕಿದರು. ಒಂದು ನೀರಿನ ತೊಟ್ಟಿ, ಎರಡು ನಳ, ಒಂದು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ಹೇಳಿರಿ ಎಷ್ಟು ತಾಸಿಗೆ ತುಂಬೀತು? ವರ ಬೆವೆತ. ವರನ ಅಪ್ಪ ಮಧ್ಯೆ ಬಾಯಿ ಹಾಕಿ ತಪ್ಪು ಉತ್ತರ ಕೊಟ್ಟರು. ಇನ್ನೇನು ಸಂಬಂಧ ಮುರಿಯಿತು ಎನ್ನುವಷ್ಟರಲ್ಲಿ ಬಾಗಿಲ ಮರೆಯಿಂದ ಅಕ್ಕನೇ ಮೆಲ್ಲಗೆ ಸರಿಯುತ್ತರ ಹೇಳಿಬಿಟ್ಟಳು! "ಹುಡುಗಿ ಪಾಸ್. ಆಕಿನ್ನ ಒಪ್ಪಿದ್ರ ಹುಡುಗನೂ ಪಾಸ್," ಎಂದರು ಕಾಕಾ. ಮದುವೆಯೂ ಆಯಿತು.

ಇಂಥ ಮನೆಯಲ್ಲಿ ಹುಟ್ಟಿದ ನಾನು ಏನು ಮಾಡಿದೆ ಹೇಳಲಾ? ಮುಲ್ಕಿ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದೆ!

ಮುಲ್ಕಿ ಎಂದರೆ ಈಗಿನವರಿಗೆ ತಿಳಿಯಲಿಕ್ಕಿಲ್ಲ. ಆಗ ಕನ್ನಡ ಸಾಲೆ ಏಳು ವರ್ಷದ್ದು. ಏಳನೆಯ ಇಯತ್ತೆಯ ಕೊನೆಗೆ ತಾಲೂಕಿನ ಮಕ್ಕಳೆಲ್ಲ ರೋಣಕ್ಕೆ ಹೋಗಿ ಬರೆಯುವ ದೊಡ್ಡ ಪರೀಕ್ಷೆಯೇ ಮುಲ್ಕಿ. ಅದು ಆದವರು ಮಾಸ್ತರರಾಗಬಹುದು, ತಲಾಠಿಯಾಗಿ ಊರ ಕಂದಾಯದ ಲೆಕ್ಕ ಬರೆಯಬಹುದು, ಹೈಸ್ಕೂಲಿಗೂ ಹೋಗಬಹುದು. ಆಗದವರು ಬಂದ ದಾರಿಯಲ್ಲೇ ಮನೆಗೆ. ನಾನು ಗಣಿತದಲ್ಲಿ ಹೋಗಿದ್ದೆ.

ಅಪ್ಪ ಬೈಯಲಿಲ್ಲ, ಅದೇ ಕಷ್ಟವಾಯಿತು. "ಏಳು ವರ್ಷ ಕಲ್ತದ್ದ ಭಾಳಾತು. ನಾಳಿಂದ ಅವ್ವನ ಜೋಡಿ ಕಂಡಿಕಿ ಸುತ್ತು," ಎಂದರು, ಅಷ್ಟೆ. ಮರುದಿನದಿಂದ ರಾಟೆಯ ಮುಂದೆ ಕೂತು ನೇಕಾರರಿಗಾಗಿ ಕಂಡಿಕೆಗೆ ನೂಲು ಸುತ್ತತೊಡಗಿದೆ. ಇನ್ನೊಮ್ಮೆ ಪರೀಕ್ಷೆ ಕಟ್ಟುತ್ತೇನೆ ಎಂದರೆ, "ಹೆಣ್ಣಹುಡುಗಿನ್ನ ಮತ್ತ ರೋಣಕ್ಕ ಕರಕೊಂಡ ಹೋಗವರು ಯಾರು? ನಂಗ ಅಂಗಡಿ ಐತಿ," ಎಂಬ ಉತ್ತರ. ನೀರಿಗೆ ಹೋದರೆ ಓಣಿಯ ಹೆಂಗಸರು, "ಗಣಿತದಾಗ ಹೋತಂತಲ್ಲವಾ," ಎಂದು ಮರುಗುತ್ತಿದ್ದರು. ಆ ಮರುಕ ಬೈಗುಳಕ್ಕಿಂತ ಕೆಟ್ಟದು. ನಾನು ಕೊಡ ಹೊರುವುದನ್ನೇ ಬಿಟ್ಟೆ.

ಅಷ್ಟರಲ್ಲಿ ಏಕೀಕರಣವಾಯಿತು. ಮುಂಬಯಿ ಸರಕಾರದಲ್ಲಿ ಮಲಗಿದ ನಾವು ಬೆಳಗ್ಗೆ ಮೈಸೂರು ಸರಕಾರದಲ್ಲಿ ಎದ್ದೆವು. ಊರಲ್ಲಿ ಸಕ್ಕರೆ ಹಂಚಿದರು. ಎಲ್ಲರೂ ಸಕ್ಕರೆ ತಿಂದು ಸುಮ್ಮನಾದರೆ, ಕಾಕಾ ಸಕ್ಕರೆಯನ್ನು ಅಂಗೈಯಲ್ಲಿ ಹಿಡಿದೇ ಕಟ್ಟೆಯ ಮೇಲೆ ನಿಂತು ಕೇಳಿದರು:

"ಸಂತೋಷ ಆತು. ಆದ್ರ ನಾ ಮುಲ್ಕಿ ಪಾಸಾಗಿದ್ದು ಮುಂಬಯಿ ಸರಕಾರದಾಗ. ಮುಂಬಯಿ ಹೋತು. ಈಗ ನಾ ಪಾಸೋ ನಪಾಸೋ?"

ನೆರೆದವರೆಲ್ಲ ಬಿದ್ದು ಬಿದ್ದು ನಕ್ಕರು. ಕಾಕಾ ನಗಲಿಲ್ಲ. "ನಗಬ್ಯಾಡ್ರಿ. ಮೈಸೂರ ಕಡೆ ನಾಕ ವರ್ಷ ಪ್ರಾಥಮಿಕ, ನಾಕ ವರ್ಷ ಮಾಧ್ಯಮಿಕ, ಆಮ್ಯಾಲೆ ಹೈಸ್ಕೂಲ. ನಮ್ಮ ಏಳನ್ನ ಅವರ ಯಾವ ಮೆಟ್ಟಲ ಮ್ಯಾಲೆ ಇಡತಾರ? ಹೇಳ್ರಿ!"

ಕ್ಷೌರಿಕ ಕತ್ತರಿ ಹಿಡಿದೇ ಹೊರಗೆ ಬಂದ. "ಹಂಗಾದ್ರ ನಿಮ್ಮ ಮದಿವಿನೂ ಮುಂಬಯಿ ಸರಕಾರದಾಗ ಆಗೈತಲ್ರಿ?"

"ಅದನ್ನೂ ಕೇಳಿ ಬರೂಣಂತ, ತಡಿ."

ಒಳಗಿನಿಂದ ಚಿಗವ್ವನ, ಎಂದರೆ ಕಾಕಾನ ಹೆಂಡತಿಯ ದನಿ ಬಂತು: "ಲಗೂನ ಕೇಳ್ರಿ! ರದ್ದಾಗಿದ್ರ ಮೊದಲ ನಂಗ ತಿಳಸ್ರಿ!"

ನಗೆಯಲ್ಲಿ ಮುಗಿಯಬೇಕಾದ ಮಾತು ಮುಗಿಯಲಿಲ್ಲ. ಕಾಕಾ ಹೆಡ್‌ಮಾಸ್ತರರ ಬಳಿ ಹೋದರು. "ಪಾಸಾದಾವ ಪಾಸಾದಂಗರಿ, ಸರಕಾರ ಯಾವುದರ ಇರವಲ್ದ್ಯಾಕ," ಎಂದು ಅವರು ಹೇಳಿದರೂ ಇವರು ಕೇಳಲಿಲ್ಲ. ಹೊಸ ಸರಕಾರದಲ್ಲಿ ಹೊಸದಾಗಿ ಮುಲ್ಕಿ ಕಟ್ಟುವುದೇ ಎಂದು ಊರ ತುಂಬ ಸಾರಿದರು! ನಲವತ್ತರ ಗಡಿ ದಾಟಿದ, ಮೀಸೆ ಹಣ್ಣಾಗುತ್ತಿದ್ದ ಗಂಡಸು ಏಳನೆಯ ಇಯತ್ತೆಯ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಬಜಾರದಲ್ಲಿ ನಡೆದರೆ ಹೇಗಿರಬೇಡ?

ಅಪ್ಪನಿಗೆ ತಲೆ ಎತ್ತಿ ತಿರುಗುವುದು ಕಷ್ಟವಾಯಿತು. "ಹುಚ್ಚ ಹಿಡದೈತೇನೋ ನಿನಗ?"

"ಹಿಡದ್ರ ಹಿಡೀಲಿ, ಅಣ್ಣಾ. ಹೆಂಗಿದ್ರೂ ನಾ ರೋಣಕ್ಕ ಹೋಗಾಂವ. ಈ ಹುಡುಗಿನೂ ಬರಲಿ. ನಂಗ ಓದಿ ಹೇಳಾಕ ಯಾರರ ಬೇಕಲ್ಲ."

ಅಪ್ಪ ಸಿಟ್ಟಿನ ಭರದಲ್ಲಿ, "ಇಬ್ಬರೂ ಹಾಳಾಗಿ ಹೋಗ್ರಿ," ಎಂದರು. ನಮ್ಮ ಮನೆಯಲ್ಲಿ ಒಪ್ಪಿಗೆ ಸಿಗುತ್ತಿದ್ದುದೇ ಹಾಗೆ. ನನ್ನ ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಯಿತು.

ಅವ್ವನ ಒತ್ತಾಯಕ್ಕೆ ಮತ್ತೆ ಕೊಡ ಹೊತ್ತಾಗ, ಇನ್ನೂ ದೊಡ್ಡ ಬಿಡುಗಡೆ ನೀರಿನ ದಾರಿಯಲ್ಲಿ ಸಿಕ್ಕಿತು. ಹೆಂಗಸರು ಈಗ ನನ್ನ ಗಣಿತ ಮರೆತು, "ನಿಮ್ಮ ಕಾಕಾ ಎಲ್ಲೀತನಕ ಓದ್ಯಾನವಾ?" ಎಂದು ಕೇಳತೊಡಗಿದರು. ಇಡೀ ಊರಿಗೆ ನಗಲು ಕಾಕಾ ಒಬ್ಬರೇ ಸಾಕಾಗಿದ್ದರು. ನಾನು ನಪಾಸಾದ ಸುದ್ದಿ ಯಾರ ಬಾಯಲ್ಲೂ ಉಳಿಯಲಿಲ್ಲ. ಸದ್ಯ, ಪಾರಾದೆ ಎಂದು ಕೊಡ ತುಂಬಿಕೊಂಡು ಆರಾಮಾಗಿ ಬಂದೆ.

ದಿನಾ ಸಂಜೆ ಇಬ್ಬರೂ ಎದುರುಬದುರು ಪಾಟಿ ಹಿಡಿದು ಕೂಡುತ್ತಿದ್ದೆವು. ಅಬ್ಬಾ, ಅವರಂಥ ದಡ್ಡ ವಿದ್ಯಾರ್ಥಿಯನ್ನು ನಾನು ಮತ್ತೆ ನೋಡಲಿಲ್ಲ! ಅಂಗಡಿಯಲ್ಲಿ ಎಷ್ಟು ಲಡಿ ನೂಲಿಗೆ ಎಷ್ಟು ಸೀರೆ ಎಂದು ಕಣ್ಣು ಮುಚ್ಚಿ ಹೇಳುವವರು, ಪಾಟಿಯ ಮುಂದೆ ಕೂತರೆ ತ್ರೈರಾಶಿ ತಪ್ಪುತ್ತಿದ್ದರು. ಎಂಟು ಮಂದಿ ಹತ್ತು ದಿನದಲ್ಲಿ ಅಗೆಯುವ ಬಾವಿಯನ್ನು ನಾಲ್ಕು ಮಂದಿ ಎಷ್ಟು ದಿನದಲ್ಲಿ ಅಗೆದಾರು ಎಂದರೆ, ಐದು ಎನ್ನುತ್ತಿದ್ದರು.

"ಕಾಕಾ, ಮಂದಿ ಕಡಿಮಿ ಆದ್ರ ದಿನ ಹೆಚ್ಚ ಬೇಕಲ್ರಿ!"

"ಯಾಕ? ಮಂದಿ ಕಡಿಮಿ ಆದ್ರ ಹರಟಿನೂ ಕಡಿಮಿ. ಕೆಲಸ ಲಗೂ ಆಗತೈತಿ."

ಈ ವಾದವನ್ನು ಸೋಲಿಸಲು ನಾನು ಕಡ್ಡಿ ಜೋಡಿಸಿ, ಗೆರೆ ಎಳೆದು, ಮತ್ತೆ ಮತ್ತೆ ತಿಳಿಸಿ ಹೇಳಬೇಕಾಗುತ್ತಿತ್ತು. ಅವರಿಗೆ ತಿಳಿಯುವಷ್ಟರಲ್ಲಿ ನನಗೆ ನೀರು ಕುಡಿದಷ್ಟು ಸುಲಭವಾಗಿರುತ್ತಿತ್ತು. ಮನೆಯಲ್ಲಿ ನನಗಿಂತ ದಡ್ಡರು ಇದ್ದಾರೆ ಎಂಬ ಸುಖ ನಿಮಗೇನು ಗೊತ್ತು! ಚಿಗವ್ವ ಮಾತ್ರ ಒಲೆಯ ಮುಂದಿನಿಂದ, "ಹೆಂತಾ ಗಂಡನ್ನ ಕಟ್ಟಿಕೊಂಡೆವ್ವಾ," ಎಂದು ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಳು.

ಪರೀಕ್ಷೆಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಜನವೋ ಜನ. ಕಾಕಾ ಕರಿ ಟೊಪ್ಪಿಗೆ, ಇಸ್ತ್ರಿ ಮಾಡಿದ ಕೋಟು, ಬರೆಯುವ ಎರಡು ಟಾಕು, ಎರಡು ಮಸಿ ದೌತಿ ಹಿಡಿದು ಮದುಮಗನ ಹಾಗೆ ನಿಂತಿದ್ದರು. ಕ್ಷೌರಿಕ ಹೂವಿನ ಹಾರವನ್ನೇ ತಂದು ಹಾಕಿದ! "ಕಾಪಿ ಹೊಡೀಬ್ಯಾಡ್ರಿ ಮತ್ತ."

"ಹೊಡೀಬೇಕಂದ್ರ ನನ್ನ ಬಾಜೂಕ ನನ್ನಕಿಂತ ಶ್ಯಾಣ್ಯಾ ಕುಂದ್ರಬೇಕಲ್ಲೋ!"

ರೋಣದಲ್ಲಿ ಪರಿಚಯದವರ ಮನೆಯಲ್ಲಿ ಇಳಿದುಕೊಂಡೆವು. ಪರೀಕ್ಷೆ ಎರಡು ಕಟ್ಟಡಗಳಲ್ಲಿತ್ತು. ನನ್ನನ್ನು ನನ್ನ ಕೋಣೆಯ ಬಾಗಿಲಿಗೆ ಬಿಟ್ಟು, "ನನ್ನ ನಂಬರ ಆ ಕಡೆ ಕಟ್ಟಡದಾಗ ಐತಿ," ಎಂದು ಅವರು ದಡಬಡಿಸಿ ಹೋಗುತ್ತಿದ್ದರು. ಹೊರಗೆ ಬಂದ ಮೇಲೆ ನನ್ನ ಪ್ರಶ್ನೆಪತ್ರಿಕೆಯನ್ನೇ ಇಸಿದುಕೊಂಡು ನೋಡುತ್ತಿದ್ದರು. ಅವರದರ ಮೇಲೆ ಮಸಿ ಚೆಲ್ಲಿತ್ತಂತೆ, ಎಲ್ಲ ದಿನವೂ!

ಗಣಿತದ ದಿನ ಪತ್ರಿಕೆಯನ್ನು ಮಡಚಿಯೇ ಇಟ್ಟುಕೊಂಡು ಕೂತಿದ್ದೆ. ಈ ಸಲ ಹೋದರೆ ಮುಗಿಯಿತು, ಇನ್ನು ಜೀವಮಾನವೆಲ್ಲ ರಾಟೆ. ಪತ್ರಿಕೆ ಬಿಡಿಸಿದೆ. ಮೊದಲನೆಯದೇ ಕೂಲಿಯವರ ಲೆಕ್ಕ! "ಮಂದಿ ಕಡಿಮಿ ಆದ್ರ ಹರಟಿನೂ ಕಡಿಮಿ" ಎಂಬುದು ನೆನಪಾಗಿ, ಪರೀಕ್ಷೆಯ ಕೋಣೆಯಲ್ಲಿ ಒಬ್ಬಳೇ ನಕ್ಕೆ. ನಕ್ಕ ಮೇಲೆ ಟಾಕು ಎಲ್ಲೂ ನಿಲ್ಲಲಿಲ್ಲ. ಹೊರಗೆ ಬಂದು ಉತ್ತರ ಹೇಳಿದರೆ ಕಾಕಾ ಹಣೆ ಹಣೆ ಬಡಿದುಕೊಂಡರು.

"ಅಯ್ಯ, ನಾ ಐದ ಅಂತ ಬರದೆನಲ್ಲವಾ!"

"ಇರಲಿ ಬಿಡ್ರಿ ಕಾಕಾ, ಮುಂದಿನ ವರ್ಷ ಐತಿ," ಎಂದು ನಾನು, ಹದಿನಾಲ್ಕರ ಹುಡುಗಿ, ಅವರಿಗೆ ಸಮಾಧಾನ ಹೇಳಿದೆ.

ಫಲಿತಾಂಶದ ಕಾಗದ ಸಾಲೆಯ ಗೋಡೆಗೆ ಬಿತ್ತು. ನನ್ನ ನಂಬರು ಇತ್ತು! ಮೂರು ಸಲ ಬೆರಳಿಟ್ಟು ನೋಡಿದೆ, ಮೂರು ಸಲವೂ ಇತ್ತು. ಹಿಂದಿನಿಂದ ಕಾಕಾ ಸಂಭ್ರಮದಿಂದ ಕೂಗಿದರು: "ನಂದಿಲ್ಲೋ! ಮೈಸೂರ ಸರಕಾರ ನನ್ನ ನಪಾಸ ಮಾಡ್ತು!" ಅಂಗಡಿಯ ಮುಂದೆ ಎರಡೆರಡು ಮುಷ್ಟಿ ಸಕ್ಕರೆ ಹಂಚಿದರು, ನನ್ನ ಪಾಸಿಗೊಂದು, ತಮ್ಮ ನಪಾಸಿಗೊಂದು. ಅಪ್ಪ ಕೂಡ ನಕ್ಕು, "ಹೈಸ್ಕೂಲಿಗೆ ಹೆಸರ ಹಚ್ಚೂಣಂತ," ಎಂದರು. ನನಗೆ ಅದಕ್ಕಿಂತ ಹೆಚ್ಚಿನದೇನೂ ಬೇಕಾಗಿರಲಿಲ್ಲ.

ಸಾಲೆ ಬಿಟ್ಟ ದಾಖಲೆ ತರಲು ಹೋದಾಗ ಹೆಡ್‌ಮಾಸ್ತರರಿಗೆ ಹೇಳಿದೆ: "ನಮ್ಮ ಕಾಕಾನ್ನೂ ಹ್ಯಾಂಗರ ಮಾಡಿ ಪಾಸ ಮಾಡಬೇಕಾಗಿತ್ತರಿ. ಪಾಪ, ಭಾಳ ಓದಿದ್ರು."

ಹೆಡ್‌ಮಾಸ್ತರರು ಬರೆಯುವುದನ್ನು ನಿಲ್ಲಿಸಿದರು. "ಅವ ಪರೀಕ್ಷಾ ಕಟ್ಟಿದ್ದನೇನವಾ? ಹೊರಗಿನಿಂದ ಕಟ್ಟವರ ಅರ್ಜಿ ಈ ಸಲ ನನ್ನ ಕೈಯಾಗ ಬಂದದ್ದು ಒಂದ. ಅದು ನಿಂದು, ತುಂಬಿಕೊಂಡ ಬಂದಾವ ನಿಮ್ಮ ಕಾಕಾ. ಪರೀಕ್ಷಾ ಮೂರೂ ದಿನ ನಾ ರೋಣದಾಗ ಇದ್ದೆ. ನಿಮ್ಮ ಕಾಕಾ ನಿನ್ನ ಕ್ವಾಣಿ ಎದುರಿಗಿನ ಬೇವಿನ ಗಿಡದ ಬುಡಕ ಕುಂತಿದ್ದ. ಊಟಕ್ಕ ಬಾ ಅಂದ್ರ, ಹುಡುಗಿ ಹೊರಗ ಬರಲಿ ಅಂದ. ಅವನ ಕಾಲದಾಗ ಗಣಿತದಾಗ ತಾಲೂಕಿಗೆ ಮೊದಲನೇದಾವನವಾ ಅವ. ಅವ ಹ್ಯಾಂಗ ನಪಾಸ ಆಗತಾನ?"

ದಾಖಲೆ ಹಿಡಿದು ಹೇಗೆ ಮನೆ ಮುಟ್ಟಿದೆನೋ ತಿಳಿಯದು. ಕಟ್ಟೆಯ ಮೇಲೆ ಕ್ಷೌರಿಕ ಎಂದಿನಂತೆ, "ಏನ್ರಿ, ಮುಂದಿನ ವರ್ಷ ಮತ್ತ ಕಟ್ಟತೀರಿ?" ಎನ್ನುತ್ತಿದ್ದ, ನಾಲ್ಕು ಜನ ನಗುತ್ತಿದ್ದರು. ಸುಳ್ಳು, ಎಲ್ಲ ಸುಳ್ಳು ಎಂದು ಕೂಗಿ ಹೇಳಬೇಕೆಂದು ಬಾಯಿ ತೆರೆದೆ. ಕಾಕಾ ನನ್ನ ಮುಖ ನೋಡಿದರು, ಕೈಯಲ್ಲಿನ ದಾಖಲೆ ನೋಡಿದರು. ಅವರಿಗೆ ತಿಳಿದುಹೋಯಿತು. ಯಾರಿಗೂ ಕಾಣದಂತೆ ತಲೆಯನ್ನು ಒಂದೇ ಸಲ ಅಡ್ಡ ಅಲ್ಲಾಡಿಸಿದರು.

ನನಗೆ ತಡೆಯಲಾಗಲಿಲ್ಲ. ಅಲ್ಲೇ ಕೂತು ಅವರ ಕಾಲು ಹಿಡಿದು ಅತ್ತುಬಿಟ್ಟೆ. ಕಾಕಾ ನನ್ನ ತಲೆಯ ಮೇಲೆ ಕೈಯಿಟ್ಟು, ಓಣಿಗೆಲ್ಲ ಕೇಳುವಂತೆ ಕೂಗಿದರು:

"ನೋಡ್ರ್ಯೋ ಇಲ್ಲೆ! ನಪಾಸಾದಾವ ನಾ ನಗಾಕತ್ತೇನಿ, ಪಾಸಾದಾಕಿ ಅಳಾಕತ್ತಾಳ!"